ಕೆಳಗಿನ ಹಲಗೆಯ ನೊಣಗಳು

ಫೆಬ್ರವರಿ ೬

ನಾದಿನಿಗೆ,

ಅಂಗಡಿಯ ಕೌಂಟರಿನ ಹಿಂದೆ ಕೂತು ಬರೆಯುತ್ತಿದ್ದೇನೆ. ಕೆಮ್ಮಿನ ಔಷಧಿ ಕೇಳಿಕೊಂಡು ಯಾರಾದರೂ ಬಂದರೆ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಜೋಡಿಸಿಕೊಂಡು ಓದು. ಈ ಕಾಲದಲ್ಲೂ ಕಾಗದವೇ ಎಂದು ನಗಬೇಡ. ನಿನ್ನಣ್ಣನ ಕೈಯಲ್ಲಿ ಫೋನ್ ನಿಲ್ಲುವುದಿಲ್ಲ, ಹಾಗಾಗಿ ಮನೆಯಲ್ಲಿ ಎಲ್ಲ ಮಾತೂ ಸ್ಪೀಕರಿನಲ್ಲೇ. ನೀನು ಫೋನ್ ಮಾಡಿದಾಗ ನಾನು 'ಎಲ್ಲ ಚೆನ್ನಾಗಿದೆ' ಎನ್ನುವುದು ನಿನಗಲ್ಲ, ಪಕ್ಕದಲ್ಲಿ ಕೂತ ಅವರಿಗೆ. ಮೆಸೇಜ್ ಹಾಕೋಣವೆಂದರೆ ನನ್ನ ಫೋನಿಗೆ ಅರ್ಧ ಯಜಮಾನಿ ಮಗಳು ಕಡ್ಡಿ. ನೀನೂ ಅಂಗಡಿಯ ವಿಳಾಸಕ್ಕೇ ಬರೆ.

ಈಗ ನಿಜ ಹೇಳುತ್ತೇನೆ. ಅವರು ಮಹಡಿ ಹತ್ತಿ ತಿಂಗಳುಗಳಾದವು. ಮೇಲಿನ ಕೆಲಸದ ಕೋಣೆಯಲ್ಲಿ ಬಣ್ಣದ ಡಬ್ಬಿಗಳು ಕೆನೆಗಟ್ಟಿ ಒಣಗಿವೆ. ಕೀಲಿಕೈ ಅಂಗಡಿಯವನ ಬೋರ್ಡು ಅರ್ಧ ಬರೆದಲ್ಲಿಗೇ ನಿಂತಿದೆ. ನಮ್ಮ ಬೀದಿಯಲ್ಲಿ ಎರಡಕ್ಕೊಂದು ಬೋರ್ಡು ಅವರು ಬರೆದದ್ದು ತಾನೆ? ಮೊನ್ನೆ ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗುವಾಗ ಹೊಲಿಗೆ ಅಂಗಡಿಯ ಬೋರ್ಡು ನೋಡಿ, "ಯಾರು ಬರೆದದ್ದೇ ಇದು? ಕೈ ಚೆನ್ನಾಗಿದೆ" ಅಂದರು. ತಮಾಷೆಗೆ ಅಂದರೋ ಮರೆತು ಅಂದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಆಸ್ಪತ್ರೆಯ ಮಾತ್ರೆ ಕೊಟ್ಟರೆ ಕೈಕಾಲಿನ ಕುಣಿತ ತಗ್ಗುತ್ತದೆ, ಆದರೆ ಅದರೊಂದಿಗೆ ಮನುಷ್ಯನೂ ತಗ್ಗಿಹೋಗುತ್ತಾನೆ. ದಿನವಿಡೀ ಮಂಪರು.

ಕಡ್ಡಿಗೆ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಜೂನಿನಲ್ಲಿ ಸೇರಬೇಕು. "ಅಪ್ಪನ್ನ ಬಿಟ್ಟು ಹೋಗಲ್ಲ" ಎನ್ನುತ್ತಾಳೆ. "ನೀನಾಗೇ ಹೋಗದಿದ್ರೆ ಪೆಟ್ಟಿಗೆ ಸಮೇತ ನಾನೇ ಹೊರಗೆ ಹಾಕ್ತೀನಿ" ಅಂದಿದ್ದೇನೆ. ನಿಮ್ಮ ತಂದೆಯ ಕಾಯಿಲೆ ನಿನ್ನಣ್ಣನಿಗೆ ಬಂತು. ಇವಳ ಪಾಲಿಗೆ ಏನಿದೆಯೋ ಗೊತ್ತಿಲ್ಲ. ಇರುವಷ್ಟು ದಿನವಾದರೂ ಅವಳ ದಿನ ಅವಳದಾಗಿರಲಿ. ನನಗೆ ಬೇಕಾದದ್ದು ಇದೊಂದೇ.

ಹತ್ತು ದಿನದ ಮಟ್ಟಿಗೆ ಬಂದು ಹೋಗು. ಅದೇನು ಅಲ್ಲಿ ನೊಣ ಸಾಕಿಕೊಂಡಿದ್ದೀಯಂತೆ? ನಮ್ಮಲ್ಲಿ ಹೊಡೆಯುವುದನ್ನು ನೀನು ಸಾಕುತ್ತೀಯ! ಅವಕ್ಕೆ ರಜೆ ಕೊಡು.

ನಿನ್ನ ಅತ್ತಿಗೆ

*

ಫೆಬ್ರವರಿ ೧೮

ಅತ್ತಿಗೆ,

ನಿಮ್ಮ ಕಾಗದ ಓದಿದೆ. ಬರಬೇಕು. ಈಗ ಬರಲಾರೆ. ಕಾರಣ ಹೇಳಿದರೆ ನಗುತ್ತೀರಿ: ನೊಣಗಳೇ.

ಬಾಳೆಹಣ್ಣು ಕಪ್ಪಾದಾಗ ಸುತ್ತ ಹಾರುತ್ತವಲ್ಲ, ಕೆಂಪು ಕಣ್ಣಿನ ಎಳ್ಳಿನಷ್ಟು ನೊಣ, ಅವು. ಅಪ್ಪನ ಮೆದುಳಿನಲ್ಲಿ, ಈಗ ಅಣ್ಣನ ಮೆದುಳಿನಲ್ಲಿ, ಒಂದು ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಗಂಟುಗಟ್ಟುತ್ತದೆ. ಅದನ್ನು ತಯಾರಿಸುವ ಮನುಷ್ಯರ ಜೀನನ್ನೇ ಈ ನೊಣಗಳಿಗೆ ಸೇರಿಸಿದ್ದೇವೆ. ಎಳೆಯವು ಎಲ್ಲ ನೊಣಗಳ ಹಾಗೇ ಇರುತ್ತವೆ. ಸೀಸೆಯನ್ನು ಮೇಜಿಗೆ ತಟ್ಟಿದರೆ ಎಲ್ಲವೂ ತಳಕ್ಕೆ ಬೀಳುತ್ತವೆ, ಬಿದ್ದ ಕ್ಷಣವೇ ಗಾಜು ಹಿಡಿದು ಮೇಲಕ್ಕೆ ಓಡುತ್ತವೆ. ಹತ್ತುವುದು ಅವುಗಳ ಗುಣ. ಒಂದು ತಿಂಗಳು ದಾಟಲಿ, ಇವೇ ನಾಲ್ಕು ಹೆಜ್ಜೆ ಹತ್ತಿ ಜಾರಿ ಬೆನ್ನಡಿಯಾಗಿ ಬೀಳುತ್ತವೆ. ಆಗ ನಾನು ಕಣ್ಣನ್ನು ಗಡಿಯಾರದ ಮೇಲಿಟ್ಟು, ಅಣ್ಣನನ್ನು ನೆನೆಯದಿರಲು ನೋಡುತ್ತೇನೆ.

ಆಮೇಲೆ ಅವುಗಳ ತಲೆಗಳನ್ನು ಅರೆದು ಪ್ರೋಟೀನ್ ತೆಗೆಯುತ್ತೇವೆ. ಲೋಳೆಯಂಥ ತೆಳು ಹಾಳೆಯೊಂದಿದೆ, ಜೆಲ್ ಎನ್ನುತ್ತೇವೆ. ಅದರ ಮೇಲಂಚಿನ ಗುಳಿಗಳಲ್ಲಿ ತೊಟ್ಟು ತೊಟ್ಟಾಗಿ ಇಟ್ಟು ಕರೆಂಟು ಹರಿಸಿದರೆ ಸಣ್ಣ ಪ್ರೋಟೀನುಗಳು ಬೇಗ, ದೊಡ್ಡವು ನಿಧಾನ, ಹೀಗೆ ಕೆಳಕ್ಕೆ ಇಳಿಯುತ್ತವೆ. ಗಂಟುಗಟ್ಟಿದ್ದು ಮಾತ್ರ ಇಳಿಯುವುದೇ ಇಲ್ಲ. ಬಾಗಿಲಲ್ಲೇ ನಿಂತ ಮುನಿದ ನೆಂಟನ ಹಾಗೆ ಗುಳಿಯ ಬಾಯಲ್ಲಿ ಕಪ್ಪು ಪಟ್ಟೆಯಾಗಿ ನಿಲ್ಲುತ್ತದೆ. ಆ ಪಟ್ಟೆ ಎಷ್ಟು ದಪ್ಪ ಎಂದು ಅಳೆಯುವುದೇ ನನ್ನ ಕೆಲಸ.

ಈಗ ನನ್ನ ನೊಣಗಳು ಎರಡು ಹಲಗೆಗಳ ಮೇಲಿವೆ. ಮೇಲಿನ ಹಲಗೆಯವಕ್ಕೆ ಬರೀ ಜೋಳದ ಹಿಟ್ಟು ಸಕ್ಕರೆಯ ಆಹಾರ. ಕೆಳಗಿನ ಹಲಗೆಯವಕ್ಕೆ ಅದರಲ್ಲೇ ಒಂದು ಹಳೆಯ ಮಾತ್ರೆ ಬೆರೆಸಿದ್ದೇನೆ. ಮೂರು ದಿನಕ್ಕೊಮ್ಮೆ ಎಲ್ಲವನ್ನೂ ಹೊಸ ಸೀಸೆಗೆ ದಾಟಿಸಲೇಬೇಕು. ತಪ್ಪಿದರೆ ಅವು ಇಟ್ಟ ಮೊಟ್ಟೆಗಳು ಹತ್ತು ದಿನದಲ್ಲಿ ನೊಣಗಳಾಗಿ ಹಿರಿಯರು ಕಿರಿಯರು ಬೆರೆತುಹೋಗುತ್ತಾರೆ. ಆಮೇಲೆ ಎಣಿಸಿದ್ದೆಲ್ಲ ವ್ಯರ್ಥ. ಅದಕ್ಕೇ ಬರಲಾರೆ ಅಂದದ್ದು.

ಕಡ್ಡಿಗೆ ಅವಳ ಅತ್ತೆ ಹೇಳಿದಳೆಂದು ಹೇಳಿ, ಪೆಟ್ಟಿಗೆ ಕಟ್ಟಲಿ.

ನಿಮ್ಮ ನಾದಿನಿ

*

ಮಾರ್ಚ್ ೨

ನೊಣದಮ್ಮನಿಗೆ,

ಈ ಹೆಸರಿಟ್ಟದ್ದು ನಿನ್ನಣ್ಣ. ನೊಣದ ವಿಷಯ ಅಂಗಡಿಗೆ ಫೋನ್ ಮಾಡಿ ನೀನೇ ಹೇಳಿದೆ ಎಂಬಂತೆ ಅವರಿಗೆ ಹೇಳಿದೆ. ಮಂಪರಿನಲ್ಲೂ ಕಣ್ಣು ತೆರೆದು, "ಚಿಕ್ಕವಳಿದ್ದಾಗ ನನ್ನ ಗೂಬೆ ಅಂತಿದ್ಲು. ಈಗ ನೊಣ ಮಾಡಿದ್ಲು. ಹೋಗ್ಲಿ, ರೆಕ್ಕೆಯಾದ್ರೂ ಬಂತು" ಅಂದರು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ಮೂರೂ ಜನ ನಕ್ಕೆವು.

ಒಂದು ಕೇಳಲೇಬೇಕು. ಹೋದ ವರ್ಷ ನಿನ್ನ ರಕ್ತವನ್ನೂ ಪರೀಕ್ಷೆಗೆ ಕೊಡುತ್ತೇನೆ ಅಂದಿದ್ದೆ. ಅಪ್ಪನದು ಮಕ್ಕಳಿಗೆ ಬರುವುದು ಇಲ್ಲವೇ ಬಿಡುವುದು ಸರಿಸಮ, ನಾಣ್ಯ ಚಿಮ್ಮಿದ ಹಾಗೆ ಅಂತ ನೀನೇ ವಿವರಿಸಿದ್ದೆ. ಕೊಟ್ಟೆಯಾ? ಬಂತಾ? ನಿನ್ನ ಕಾಗದದಲ್ಲಿ ಜೆಲ್ಲಿನಿಂದ ಹಿಡಿದು ಜೋಳದ ಹಿಟ್ಟಿನ ತನಕ ಎಲ್ಲ ಇದೆ, ನೀನೊಬ್ಬಳು ಇಲ್ಲ.

ಅತ್ತಿಗೆ

*

ಏಪ್ರಿಲ್ ೯

ಅತ್ತಿಗೆ,

ತಡವಾಯಿತು, ಮನ್ನಿಸಿ. ಮಾರ್ಚ್ ತಿಂಗಳೆಲ್ಲ ಲ್ಯಾಬಿನಲ್ಲೇ ಕಳೆದುಹೋಯಿತು.

ಇದನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಅವು ಹತ್ತಿದವು! ಕೆಳಗಿನ ಹಲಗೆಯ ನೊಣಗಳು, ಈ ಹೊತ್ತಿಗೆ ಬೆನ್ನ ಮೇಲೆ ಬಿದ್ದು ಕಾಲಾಡಿಸಬೇಕಾದ ಮುದಿ ನೊಣಗಳು, ಸೀಸೆ ತಟ್ಟಿದ ಕೂಡಲೇ ಹತ್ತಿದವು. ಎಲ್ಲವೂ ಅಲ್ಲ, ಅರ್ಧಕ್ಕರ್ಧ. ಮತ್ತೆ ತಟ್ಟಿದೆ, ಮತ್ತೆ ಹತ್ತಿದವು. ಪಕ್ಕದ ಬೆಂಚಿನ ಗೆಳತಿಯನ್ನು ಕರೆದು ತೋರಿಸಿದೆ. "ಅಯ್ಯೋ, ನಿನ್ನ ನೊಣಕ್ಕೆ ಏನು ತಿನ್ನಿಸಿದ್ಯೇ, ನಂಗೂ ಒಂದು ಚೂರು ಕೊಡು, ನನ್ನ ಮಂಡಿನೋವಿಗೆ" ಅಂದಳು. ಸಾಯುವುದೂ ಕಡಿಮೆಯಾಗಿದೆ, ಸೀಸೆಗಳು ತುಂಬಿಕೊಂಡಿವೆ.

ನಡಿಗೆ ಮೋಸ ಮಾಡಬಹುದೆಂದು ತಲೆಗಳ ಪ್ರೋಟೀನನ್ನೂ ಜೆಲ್ಲಿಗೆ ಹಾಕಿದೆ. ಗುಳಿಯ ಬಾಯಲ್ಲಿನ ಪಟ್ಟೆ ಮೇಲಿನ ಹಲಗೆಯದರ ಅರ್ಧದಷ್ಟು. ನಮ್ಮ ಪ್ರೊಫೆಸರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಅವರು ಎರಡು ಸಲ ನೋಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಯಾವ ಮಾತ್ರೆ ಗೊತ್ತೇ? ನಿಮ್ಮ ಅಂಗಡಿಯ ತಳದ ಖಾನೆಯಲ್ಲಿ ಧೂಳು ತಿನ್ನುತ್ತಿರಬಹುದು. ಈಗ ಯಾರೂ ಬರೆದುಕೊಡದ ಆ ಹಳೆಯ ಹಸಿರು ಪಟ್ಟಿಯ ಹುಳುವಿನ ಮಾತ್ರೆ, ನಮಗೆಲ್ಲ ಚಿಕ್ಕಂದಿನಲ್ಲಿ ಮೂಗು ಹಿಡಿದು ನುಂಗಿಸುತ್ತಿದ್ದದ್ದು. ನೊಣದಿಂದ ಮನುಷ್ಯನವರೆಗೆ ಬಹಳ ದೂರವಿದೆ, ಗೊತ್ತಲ್ಲ. ಆದರೂ ಈ ರಾತ್ರಿಯ ಮಟ್ಟಿಗೆ ಆ ದೂರವನ್ನು ಮರೆತಿದ್ದೇನೆ. ಅಣ್ಣನಿಗೆ ಹೇಳಿ, ಅವನ ನೊಣಗಳು ಮಹಡಿ ಹತ್ತಿದವು ಎಂದು.

ನಿಮ್ಮ ನಾದಿನಿ

*

ಏಪ್ರಿಲ್ ೨೪

ನೊಣದಮ್ಮ,

ನಿನ್ನ ನೊಣಗಳು ಹತ್ತಿದ್ದು ದೊಡ್ಡದಲ್ಲ. ನಿನ್ನಣ್ಣ ಹತ್ತಿದರು.

ಸೋಮವಾರ ಸಂಜೆ ಅಂಗಡಿ ಮುಗಿಸಿ ಬಂದೆ. ಕೆಳಗಿನ ಮಂಚ ಖಾಲಿ. ಮಹಡಿಯಿಂದ ಟರ್ಪೆಂಟೈನ್ ವಾಸನೆ. ಓಡಿ ಹತ್ತಿ ನೋಡಿದರೆ ತಮ್ಮ ಹಳೆಯ ಎತ್ತರದ ಸ್ಟೂಲಿನ ಬದಲು ಒರಗುವ ಕುರ್ಚಿಯಲ್ಲಿ ಕೂತಿದ್ದಾರೆ, ಮುಂದೆ ಕೀಲಿಕೈ ಅಂಗಡಿಯ ಬೋರ್ಡು, ಮಡಿಲಲ್ಲಿ ಬ್ರಷ್ಷು.

"ಹೇಗ್ರೀ ಹತ್ತಿದ್ರಿ?" ಅಂದೆ.

"ಕಾಲಲ್ಲಿ" ಅಂದರು.

ಕಡ್ಡಿ ಕಿಟಕಿಗೆ ಒರಗಿ ನಗುತ್ತಿದ್ದಳು. ನಾನು ಅಳುತ್ತಿದ್ದೆ. ಅಂದಿನಿಂದ ದಿನವೂ ನಾನು ಬರುವ ಹೊತ್ತಿಗೆ ಅವರು ಮೇಲೆಯೇ ಇರುತ್ತಾರೆ. ಬೋರ್ಡಿಗೆ ಒಂದು ಅಕ್ಷರವನ್ನೂ ಸೇರಿಸಿದ್ದಾರೆ, ಮೊದಲಿನಷ್ಟೇ ಅಚ್ಚುಕಟ್ಟು. ಮಂಪರೂ ಇಲ್ಲ. ನಿನ್ನೆ ನನ್ನ ಸೀರೆಯ ಬಣ್ಣ ಸರಿಯಿಲ್ಲವೆಂದು ಜಗಳವಾಡಿದರು. ಅಷ್ಟು ಸುಖದ ಜಗಳ ಮದುವೆಯಾದಾಗಿನಿಂದ ಆಡಿರಲಿಲ್ಲ.

ಹೀಗೇ ಇದ್ದರೆ ಜೂನಿನಿಂದ ಅಂಗಡಿಯಲ್ಲಿ ಪೂರ್ತಿ ದಿನದ ಕೆಲಸಕ್ಕೆ ಒಪ್ಪುತ್ತೇನೆ. ಕಡ್ಡಿಯನ್ನು ಕಾಲೇಜಿಗೆ ಅಟ್ಟುತ್ತೇನೆ. ಅವಳಿಗೇನೋ ಈಚೆಗೆ ಸೊಂಟ ನೋವಂತೆ, ನೋವಿನ ಮುಲಾಮು ಕೇಳುತ್ತಾಳೆ. ಓದುವ ಹುಡುಗಿ ಕೂತಲ್ಲೇ ಕೂತರೆ ಇನ್ನೇನಾದೀತು?

ರಕ್ತಪರೀಕ್ಷೆಯ ಪ್ರಶ್ನೆಗೆ ನೀನು ಉತ್ತರ ಬರೆಯಲಿಲ್ಲ. ಮತ್ತೆ ಕೇಳುವುದಿಲ್ಲ. ಅರ್ಥವಾಯಿತು. ಒಂದು ಮಾತು ನೆನಪಿಟ್ಟುಕೋ: ನಿನ್ನಣ್ಣ ಹತ್ತಿದ್ದಾರೆ. ಅವರಿಗಾದದ್ದು ಯಾರಿಗಾದರೂ ಆಗಬಹುದು. ಹೆದರಬೇಡ.

ಅತ್ತಿಗೆ

*

ಮೇ ೫

ಅತ್ತಿಗೆ,

ಓದಿ ಓದಿ ಮಡಿಕೆಯಲ್ಲಿ ಕಾಗದ ಹರಿಯಿತು. ಇಷ್ಟು ಸಂತೋಷದಲ್ಲಿ ಪ್ರಶ್ನೆ ಕೇಳುವುದು ಪಾಪ, ಆದರೂ ಕೇಳುತ್ತೇನೆ. ಡಾಕ್ಟರು ಔಷಧಿ ಬದಲಿಸಿದರೇ? ಈಗ ಅಣ್ಣ ಏನೇನು ನುಂಗುತ್ತಿದ್ದಾನೆ? ಮಾತ್ರೆಗಳ ಹೆಸರು ಬರೆಯಿರಿ.

ಇಲ್ಲಿ ಪ್ರೊಫೆಸರು ಇನ್ನೊಮ್ಮೆ ಮಾಡು ಅಂದಿದ್ದಾರೆ. "ಒಂದು ಸಲ ಬಂದದ್ದು ಅತಿಥಿ, ಎರಡನೇ ಸಲವೂ ಬಂದರೆ ಮನೆಯವನು" ಎನ್ನುವುದು ಅವರ ಮಾತು. ಮಾಡುತ್ತಿದ್ದೇನೆ. ಉಳಿದ ಹಳೆಯ ಸೀಸೆಗಳನ್ನೂ ಮತ್ತೆ ನೋಡುತ್ತಿದ್ದೇನೆ.

ಬೇಗ ಉತ್ತರಿಸಿ.

ನಿಮ್ಮ ನಾದಿನಿ

*

ಮೇ ೧೩

ನಾದಿನಿಗೆ,

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮನುಷ್ಯ ಕಣ್ಣೆದುರು ಮಹಡಿಯ ಮೇಲೆ ಕೂತಿರುವಾಗ ಅವನು ಏನು ನುಂಗಿದ ಎಂಬ ಲೆಕ್ಕ ಯಾಕೆ? ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿಯಲ್ಲಿ ನಿಂತಿದ್ದೇನೆ. ಯಾವುದನ್ನು ಕೊಡಬೇಕು ಯಾವುದನ್ನು ಬಿಡಬೇಕು ನನಗೂ ಗೊತ್ತು.

ಕೆಳಗಿನ ಕೋಣೆಯಲ್ಲಿ ಬೆಳಕಿಲ್ಲ. ಅವರ ಮಂಚವನ್ನೇ ಮಹಡಿಗೆ ಸಾಗಿಸಿದ್ದೇನೆ, ಬೇಕೆನಿಸಿದಾಗ ಇಳಿದು ಹತ್ತಿ ಮಾಡಲಿ. ಕಡ್ಡಿಯ ಪೆಟ್ಟಿಗೆ ತಯಾರು. ಜೂನ್ ಹತ್ತಕ್ಕೆ ಹೊರಡುತ್ತಾಳೆ. ಈಗಲೂ ಮುಖ ಊದಿಸಿಕೊಂಡಿದ್ದಾಳೆ. "ಅಮ್ಮಾ, ನಾನಿಲ್ದೇ ಇದ್ರೆ ಅಪ್ಪ ಹತ್ತಲ್ಲ" ಅಂದಳು. "ನೋಡಮ್ಮ ದೊಡ್ಡ ಮನುಷ್ಯಳನ್ನ! ನೀನು ಹುಟ್ಟೋ ಮುಂಚೆನೂ ಹತ್ತುತಾ ಇದ್ರು" ಅಂದೆ.

ಅತ್ತಿಗೆ

*

ಮೇ ೨೧

ಅತ್ತಿಗೆ,

ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ಒಮ್ಮೆ ನೀವು ಊಟಕ್ಕೆ ಹೋಗಿದ್ದಿರಿ. ಇನ್ನೊಮ್ಮೆ ನೀವೇ ಎತ್ತಿದಿರಿ, ನನಗೆ ಬಾಯಿ ಬರದೆ ಇಟ್ಟುಬಿಟ್ಟೆ. ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿಂತುಕೊಂಡು ಓದಬೇಡಿ.

ಮೊದಲ ಮಾತು: ಅಣ್ಣನಿಗೆ ಆ ಹಸಿರು ಪಟ್ಟಿಯ ಮಾತ್ರೆ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಆಸ್ಪತ್ರೆಯ ಮಾತ್ರೆ ನಿಲ್ಲಿಸಿದ್ದರೆ ನಾಳೆಯೇ ಡಾಕ್ಟರಿಗೆ ಹೇಳಿ, ಒಂದನ್ನೂ ಮುಚ್ಚಿಡಬೇಡಿ. ನೀವು ಹೇಳಿಲ್ಲ. ಆದರೆ ಮೇ ಹದಿಮೂರರ ಕಾಗದದಲ್ಲಿ ನಿಮ್ಮ ಸಿಟ್ಟೇ ಹೇಳಿದೆ.

ಆ ಮಾತ್ರೆ ಏನನ್ನೂ ಮಾಡಿಲ್ಲ ಅತ್ತಿಗೆ. ಮಾಡಿದ್ದೆಲ್ಲ ನಾನು.

ಎರಡನೇ ಸಲ ಮಾಡಿದಾಗ ಒಂದು ನೊಣವೂ ಹತ್ತಲಿಲ್ಲ. ಮೊದಲ ಸಲದ ಸೀಸೆಗಳಲ್ಲಿ ಕೆಲವನ್ನು ಶೀತಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಅವುಗಳ ನೊಣಗಳನ್ನು ಬಿಳಿ ತಟ್ಟೆಯ ಮೇಲೆ ಸುರಿದು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡಿದೆ. ಮುದಿ ನೊಣದ ರೆಕ್ಕೆಯ ಅಂಚು ಹಳೆಯ ಪುಸ್ತಕದ ಪುಟದ ಹಾಗೆ ಹರಿದಿರುತ್ತದೆ. ಅರ್ಧ ನೊಣಗಳ ರೆಕ್ಕೆ ಹಾಗಿತ್ತು. ಇನ್ನರ್ಧದ್ದು ಅಂಚು ಹರಿಯದೆ, ನಿನ್ನೆ ಬಿಚ್ಚಿದ ಹಾಗೆ ಮಿರಿಮಿರಿ. ಬೇರ್ಪಡಿಸಿ ಎರಡು ಗುಂಪಿನ ಪ್ರೋಟೀನನ್ನೂ ಅಕ್ಕಪಕ್ಕದ ಗುಳಿಗಳಲ್ಲಿ ಹಾಕಿದೆ. ಹರಿದ ರೆಕ್ಕೆಯವುಗಳದ್ದು ಗುಳಿಯ ಬಾಯಲ್ಲಿ ಎಂದಿನದೇ ದಪ್ಪ ಪಟ್ಟೆ. ಹೊಸ ರೆಕ್ಕೆಯವುಗಳದ್ದು ಖಾಲಿ. ಅವು ಮುದಿ ನೊಣಗಳ ಮಕ್ಕಳು. ಹತ್ತಿದ್ದು ಮಕ್ಕಳು. ಎರಡನ್ನೂ ಒಟ್ಟಿಗೆ ಅರೆದು, ಪಟ್ಟೆ ಅರ್ಧವಾಯಿತೆಂದು ನಾನು ಕುಣಿದೆ.

ಮಕ್ಕಳು ಹೇಗೆ ಹುಟ್ಟಿದವು? ನೊಣಗಳನ್ನು ಬಿಟ್ಟು ಬರಲಾರೆ ಎಂದು ನಿಮಗೆ ಬರೆದ ನಾನು ಮಾರ್ಚಿನಲ್ಲಿ ಎರಡು ವಾರ ಅವುಗಳನ್ನು ಬಿಟ್ಟು ಹೋಗಿದ್ದೆ. ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಹೋಗಿದ್ದೆ. ಕೇಳಿದ ಮೇಲೆ ವಾಪಸು ಬರಲಾಗದೆ ಸಮುದ್ರದ ಪಕ್ಕದ ಒಂದು ಅಗ್ಗದ ಲಾಡ್ಜಿನಲ್ಲಿ ಉಳಿದುಬಿಟ್ಟೆ. ಹೊರಡುವಾಗ ಪಕ್ಕದ ಬೆಂಚಿನ ಗೆಳತಿಗೆ ಮೇಲಿನ ಹಲಗೆ ತೋರಿಸಿ "ಇವನ್ನ ದಾಟಿಸ್ತಿರು" ಅಂದೆ. ಕೆಳಗಿನ ಹಲಗೆ ತೋರಿಸಲು ಮರೆತೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು. ಮರಳಿ ಬಂದಾಗ ಕೆಳಗಿನ ಸೀಸೆಗಳ ಗಾಜಿನ ಮೇಲೆ ಮೊಟ್ಟೆಯೊಡೆದ ಮರಿಹುಳುಗಳು ಹರಿದ ಗೆರೆಗಳಿದ್ದವು. ನೊಣಗಳನ್ನು ಎಣಿಸಿದೆ ಕೂಡ. ಒಂದು ಸೀಸೆಯಲ್ಲಿ ನಾನು ಹಾಕಿದ್ದಕ್ಕಿಂತ ಹೆಚ್ಚಿದ್ದವು. ಸಾಯದೆ ಉಳಿಯುವುದು ಸರಿ, ಹೆಚ್ಚಾಗುವುದು ಹೇಗೆ? ಮೊದಲ ವರ್ಷದ ವಿದ್ಯಾರ್ಥಿ ಕೇಳುವ ಪ್ರಶ್ನೆ. ನಾನು ಕೇಳಿಕೊಳ್ಳಲಿಲ್ಲ. ಬೇಕಾದ ಉತ್ತರ ಎದುರಿಗಿತ್ತು.

ಫಲಿತಾಂಶ ನೀವು ಅಂದುಕೊಂಡದ್ದಲ್ಲ. ನನಗಿಲ್ಲ. ಅಪ್ಪನದು ಅಣ್ಣನಿಗೆ ಹೋಯಿತು, ನನ್ನನ್ನು ದಾಟಿ ಹೋಯಿತು. ಆ ಡಾಕ್ಟರಮ್ಮ ನಗುತ್ತ ಹೇಳಿದರು, ನಾನೂ ನಗಬೇಕಿತ್ತು. ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅಣ್ಣನ ಮುಖ ನೋಡಿ ಯಾವ ಬಾಯಲ್ಲಿ ಇದನ್ನು ಹೇಳಲಿ, ನಿಮಗೆ ಯಾವ ಕೈಯಲ್ಲಿ ಬರೆಯಲಿ ಎಂದು ತಿಳಿಯಲಿಲ್ಲ. ಸುಮ್ಮನಿದ್ದೆ. ನೀವು ಅದನ್ನು ಬೇರೆಯಾಗಿ ಓದಿಕೊಂಡು ನನಗೆ ಧೈರ್ಯ ಹೇಳಿದಿರಿ. ಆ ಸಾಲು ಓದಿದಾಗಲೂ ತಿದ್ದಲಿಲ್ಲ.

ಪ್ರೊಫೆಸರಿಗೆ ಹೇಳಿಯಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಕೊನೆಯದು. ಇದನ್ನು ಕೇಳಲು ನನಗೆ ಭಯವಾಗುತ್ತಿದೆ. ಆ ಮಾತ್ರೆಯಿಂದ ಅಣ್ಣ ಮಹಡಿ ಹತ್ತಿರಲಾರ. ಅವನು ಹತ್ತಿದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ? ಅಥವಾ ಪ್ರತಿ ಸಲವೂ ಹತ್ತಿ ಕೂತಿದ್ದನ್ನು ಮಾತ್ರ ನೋಡಿದಿರಾ? ಆ ಹೊತ್ತಿನಲ್ಲಿ ಮನೆಯಲ್ಲಿ ಇನ್ನು ಯಾರಿರುತ್ತಾರೆ?

ನಾದಿನಿ

*

ಮೇ ೨೮

ನಾದಿನಿಗೆ,

ನಿಂತುಕೊಂಡೇ ಓದಿದೆ. ಗಿರಾಕಿಯೊಬ್ಬ "ಅಮ್ಮಾ, ಚಿಲ್ಲರೆ" ಎಂದು ಕೈಚಾಚಿಕೊಂಡೇ ಇದ್ದ.

ಮೊದಲು ನನ್ನದು ಹೇಳಿಬಿಡುತ್ತೇನೆ. ಹೌದು, ಕೊಟ್ಟೆ. ನಿನ್ನ ಏಪ್ರಿಲಿನ ಕಾಗದ ಬಂದ ದಿನವೇ ತಳದ ಖಾನೆ ಎಳೆದು ಧೂಳು ಒರೆಸಿದೆ. ಆಸ್ಪತ್ರೆಯ ಮಾತ್ರೆ ನಿಲ್ಲಿಸಿದೆ. ಮಂಪರು ಹೋದದ್ದು ಅದಕ್ಕೇ. ಅದು ಹೋದ ಕೂಡಲೇ ಕೈಕಾಲಿನ ಕುಣಿತ ತಿರುಗಿ ಬಂತು, ತಟ್ಟೆ ಹಾರಿತು, ಒಂದು ದಿನ ನಾಲಿಗೆ ಕಚ್ಚಿಕೊಂಡು ರಕ್ತ ಸುರಿಯಿತು. ಅದನ್ನು ನಿನಗೆ ಬರೆಯಲಿಲ್ಲ. ಬೋರ್ಡಿನ ಆ ಅಕ್ಷರ ಅಚ್ಚುಕಟ್ಟಾಗಿದೆ ಅಂದಿದ್ದೆ. ಅದು ಕಾಗೆಕಾಲು ಗುಬ್ಬಿಕಾಲು. ನಿನಗೂ ಈ ಕಾಯಿಲೆ ಇದೆಯೆಂದು ನಂಬಿದ್ದೆ ನೋಡು, ಓದಿ ನಾಲ್ಕು ದಿನ ನೆಮ್ಮದಿಯಾಗಿ ಮಲಗಲಿ ಎಂದು ಒಂದಕ್ಕೆರಡು ಸೇರಿಸಿ ಬರೆದೆ.

ಕಾಗದ ಬಂದ ಮರುದಿನ ತಲೆನೋವೆಂದು ಹೇಳಿ ನಡು ಮಧ್ಯಾಹ್ನ ಮನೆಗೆ ಹೊರಟೆ. ಒಳಗೆ ಹೋಗಲಿಲ್ಲ. ನಮ್ಮ ಮೆಟ್ಟಿಲಿನ ಮಗ್ಗುಲಿಗೆ ಉದ್ದನೆಯ ಕಿಟಕಿಯಿದೆಯಲ್ಲ, ಎದುರಿನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲಿಂದ ಅದು ಕಾಣುತ್ತದೆ. ಅಲ್ಲಿ ಕೂತೆ. ಮಂಚ ಮೇಲಿದ್ದರೂ ದಿನವೂ ಸ್ನಾನಕ್ಕೆ ಅವರನ್ನು ಕೆಳಗೆ ಕರೆತರಬೇಕು. ಅದೂ ಕಡ್ಡಿಯ ಪಾಲಿಗೇ ಬಿದ್ದಿದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಅವರು ಹತ್ತುವುದು ಬೆನ್ನು ಮುಂದಾಗಿ. ಮೆಟ್ಟಿಲ ಮೇಲೆ ಕೆಳಗಡೆಗೆ ಮುಖ ಮಾಡಿ ಕೂರುತ್ತಾರೆ, ಮಗುವಿನ ಹಾಗೆ. ಕಡ್ಡಿ ಮೇಲಿನ ಮೆಟ್ಟಿಲಲ್ಲಿ ನಿಂತು ಅವರ ಕಂಕುಳಿಗೆ ಕೈ ಹಾಕಿ, ಕಾಲು ಊರಿ, ಒಂದು ಮೆಟ್ಟಿಲು ಎಳೆದು ಕೂರಿಸುತ್ತಾಳೆ. ಇಬ್ಬರೂ ಏದುಸಿರು ಬಿಡುತ್ತಾರೆ. ಮತ್ತೊಂದು. ಕಿಟಕಿ ತೆರೆದಿತ್ತು, ಮಾತು ಕೇಳುತ್ತಿತ್ತು.

"ಅಪ್ಪಾ, ಅಲ್ಲಾಡ್ಬೇಡಿ, ಜಾರುತ್ತೆ."

"ನಾನೆಲ್ಲಿ ಅಲ್ಲಾಡ್ತಿದೀನಿ? ನನ್ನ ಕೈ ಅಲ್ಲಾಡ್ತಿದೆ. ಅದಕ್ಕೆ ಹೇಳು."

"ಅಮ್ಮ ಬರೋದ್ರೊಳಗೆ ಮುಗೀಬೇಕು."

"ಅವಳು ನಗೋದು ನೋಡೋಕೆ ಏನೇನು ಮಾಡ್ಬೇಕೋ ನೋಡೇ. ಮೊದಲೆಲ್ಲ ಒಂದು ಹೂವು ತಂದ್ರೆ ಸಾಕಿತ್ತು."

ಮನೆಗೆ ಹೋದೆ. ಮೆಟ್ಟಿಲ ನಡುವೆ ಇಬ್ಬರೂ ಸಿಕ್ಕಿಬಿದ್ದ ಕಳ್ಳರ ಹಾಗೆ ನನ್ನನ್ನು ನೋಡಿದರು. ನಾನು ಕೆಳಗಿನಿಂದ ಕಾಲು ಹಿಡಿದೆ, ಅವಳು ಮೇಲಿನಿಂದ ತೋಳು. ಮಂಚಕ್ಕೆ ಸೇರಿಸಿದ ಮೇಲೆ ಕೇಳಿದೆ, "ಯಾಕೆ ಹೀಗೆ ಮಾಡಿದ್ರಿ?" ಕಡ್ಡಿ ಅಂದಳು, "ಮೊದಲ ದಿನ ಅಪ್ಪನೇ ಕೇಳಿದ್ರು, ಒಂದ್ಸಲ ಮೇಲೆ ಹೋಗ್ಬೇಕು ಅಂತ. ಸುಮ್ನೆ ಒಂದ್ಸಲ. ನೀನು ಬಂದು ನೋಡಿ ಅತ್ಬಿಟ್ಯಲ್ಲಮ್ಮ, ಖುಷಿಗೆ. ಆಮೇಲೆ ನಿಲ್ಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಆಸ್ಪತ್ರೆಯ ಮಾತ್ರೆ ತಿರುಗಿ ಶುರುವಾಗಿದೆ. ಮುಂದಿನ ವಾರ ಮಂಚವನ್ನು ಕೆಳಗಿಳಿಸುತ್ತೇನೆ ಅಂದೆ. ಅಂದಿನಿಂದ ಅವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಕಡ್ಡಿ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ತುಂಬಿದಳು. ನಾನು ತಡೆಯಲಿಲ್ಲ. ಯಾವ ಬಾಯಲ್ಲಿ ಹೋಗು ಅನ್ನಲಿ?

ನಿನಗಿಲ್ಲ ಎಂದು ಓದಿದಾಗ ಮೊದಲು ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ. ಒಂದೇ ಬಸಿರಿನ ಇಬ್ಬರಲ್ಲಿ ಇವರೇ ಯಾಕೆ ಎಂದು ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ನಿಂತೆ. ಸಂಜೆಯ ಹೊತ್ತಿಗೆ ಉರಿ ಇಳಿಯಿತು. ನಿನ್ನ ಸುಳ್ಳನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ. ಇಷ್ಟು ದಿನ ನಿನಗಾಗಿ ನಾನು ಅತ್ತ ಅಳುವನ್ನು ಯಾರಿಗೆ ವಾಪಸು ಕೊಡಲಿ, ಹೇಳು.

ಕಾಗದವನ್ನು ಕಡ್ಡಿಗೂ ಓದಲು ಕೊಟ್ಟೆ, ಇನ್ನು ಮುಚ್ಚಿಡುವುದು ಬೇಡವೆಂದು. ನಿನ್ನನ್ನು ಒಂದು ಮಾತು ಕೇಳಬೇಕಂತೆ: "ಹೊಸ ರೆಕ್ಕೆಯ ಆ ಮರಿ ನೊಣಗಳ ಪಟ್ಟೆ ಖಾಲಿ ಇತ್ತಲ್ಲ ಅತ್ತೆ, ಅಂದ್ರೆ ಅವಕ್ಕೆ ಕಾಯಿಲೆ ಬರಲ್ವಾ?"

ಇದಕ್ಕೆ ನೀನೇ ಉತ್ತರ ಬರೆ. ನನಗೆ ಬರುವುದಿಲ್ಲ.

ಅತ್ತಿಗೆ

*

ಜೂನ್ ೧

ಅತ್ತಿಗೆ,

ಈ ಕಾಗದವನ್ನು ಮನೆಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಮೂವರೂ ಕೂತು ಗಟ್ಟಿಯಾಗಿ ಓದಿ.

ಕಡ್ಡಿಗೆ: ಖಾಲಿ ಪಟ್ಟೆ ಏನನ್ನೂ ಹೇಳುವುದಿಲ್ಲ ಮಗಳೇ. ಎಳೆಯದರಲ್ಲಿ ಎಲ್ಲರದೂ ಖಾಲಿಯೇ. ಆ ಮರಿಗಳಲ್ಲಿ ಕೆಲವಕ್ಕೆ ಆ ಜೀನು ಬಂದಿದೆ, ಕೆಲವಕ್ಕೆ ಬಂದಿಲ್ಲ. ಹತ್ತುವಾಗ ಎರಡೂ ಒಂದೇ ಹುರುಪಿನಲ್ಲಿ ಹತ್ತುತ್ತವೆ. ಅವುಗಳಲ್ಲಿ ಯಾವುದು ಯಾವುದೆಂದು ನಾನು ನೋಡಬಲ್ಲೆ. ನಿನ್ನದನ್ನು ನೀನು ಕೇಳದೆ ಯಾರೂ ನೋಡಕೂಡದು. ನೀನು ಕೇಳುವುದೇ ಬೇಡವೆಂದರೆ ಅದೂ ಸರಿ. ಕೇಳುವ ದಿನ ಬಂದರೆ ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಸಮುದ್ರದ ಪಕ್ಕದ ಲಾಡ್ಜಿಗೆ ಒಬ್ಬಳೇ ಹೋಗಬೇಡ. ಅಲ್ಲಿ ಚಹಾ ಚೆನ್ನಾಗಿಲ್ಲ.

ನೊಣಗಳನ್ನು ಗೆಳತಿಗೆ ಒಪ್ಪಿಸಿದ್ದೇನೆ. ಈ ಸಲ ಅವಳ ಕೈ ಹಿಡಿದು ಎರಡೂ ಹಲಗೆಗಳನ್ನು ಮುಟ್ಟಿಸಿದ್ದೇನೆ. "ಸಾಕು ಬಿಡೇ, ಕನ್ಯಾದಾನ ಮಾಡೋ ಹಾಗೆ ಮಾಡ್ತೀಯ" ಅಂದಳು. ಪ್ರೊಫೆಸರು ವರ್ಷದ ಕೊನೆಯವರೆಗೆ ರಜೆಗೆ ಒಪ್ಪಿದ್ದಾರೆ. ಆಮೇಲೆ ಈ ಬೆಂಚು ನನಗೆ ಉಳಿದಿರುತ್ತದೋ ಇಲ್ಲವೋ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅತ್ತಿಗೆ, ಆ ಅಳುವನ್ನು ವಾಪಸು ಕೊಡುವುದು ಹೇಗೆಂದು ನನಗೂ ಗೊತ್ತಿಲ್ಲ. ಇಷ್ಟು ಮಾತ್ರ ಗೊತ್ತು. ನನ್ನ ಸೊಂಟ ಗಟ್ಟಿಯಿದೆ, ಕೈ ನಡುಗುವುದಿಲ್ಲ. ಮಾರ್ಚಿನಿಂದ ಇದನ್ನು ಕದ್ದ ಒಡವೆಯ ಹಾಗೆ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆ. ಮಂಚವನ್ನು ಕೆಳಗಿಳಿಸಬೇಡಿ. ಕಡ್ಡಿಯ ಬಟ್ಟೆಗಳನ್ನು ತಿರುಗಿ ಪೆಟ್ಟಿಗೆಗೆ ತುಂಬಿ. ನಾನು ಒಂಬತ್ತನೆಯ ತಾರೀಖು ಬೆಳಗ್ಗೆ ಬರುತ್ತೇನೆ. ಎಳೆದು ಕೂರಿಸುವುದನ್ನು ಆ ಒಂದು ದಿನದಲ್ಲಿ ಅವಳು ನನಗೆ ಕಲಿಸಿಕೊಡಲಿ.

ಅಣ್ಣಾ, ಕೇಳಿಸಿತಾ? ನೀನು ಹತ್ತಿದ್ದು ಸುಳ್ಳು, ನಾನು ಬರೆದದ್ದೂ ಸುಳ್ಳು, ಇಬ್ಬರೂ ಸಿಕ್ಕಿಬಿದ್ದೆವು. ಕಾಯಿಲೆ ಗುಣವಾಗುವುದಿಲ್ಲ. ಕಿಟಕಿಯ ಬೆಳಕು ಮಾತ್ರ ಮೇಲೆಯೇ ಇದೆ. ಇನ್ನು ಯಾರಾದರೂ ಹೇಗೆ ಹತ್ತಿದೆ ಅಂತ ಕೇಳಿದರೆ ನಿಜ ಹೇಳಿಬಿಡು: ತಂಗಿ ಕಾಲಲ್ಲಿ.

ನೊಣದಮ್ಮ